ಮಾತ್ರೆಯ ಹೊತ್ತು: ಪಾರ್ಕಿನ್‌ಸನ್ ಇರುವ ಹೆಂಡತಿಯ ಆಪರೇಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹೆಂಡತಿಗೆ ಪಾರ್ಕಿನ್‌ಸನ್ (ಕೈಕಾಲು ನಡುಗಿ ಬಿಗಿಯುವ ನರರೋಗ) ಶುರುವಾಗಿ 11 ವರ್ಷ ಆಯಿತು. ಈ ನಡುವೆ ಎರಡು ದೊಡ್ಡ ಆಪರೇಷನ್ ಆಗಿದೆ. ಮೊದಲನೆಯದು ಮಳೆಗಾಲದಲ್ಲಿ ಹಿತ್ತಿಲ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದಾಗ. ಎರಡನೆಯದು ಅದಾಗಿ ಎರಡು ವರ್ಷಕ್ಕೆ, ದೊಡ್ಡ ಕರುಳಿನ ಗಡ್ಡೆಗೆ. ಮೊದಲನೆಯ ಸಲ ನನಗೆ ಏನೂ ಗೊತ್ತಿರಲಿಲ್ಲ. ಆಗಬಾರದ್ದೆಲ್ಲ ಆಯಿತು. ಎರಡನೆಯ ಸಲ ಹೋಗುವಾಗ ಕೈಯಲ್ಲಿ ಒಂದು ಪುಸ್ತಕ ಇತ್ತು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ರಿಟೈರ್ ಆದವನು ನಾನು, ಬರೆದಿಡುವ ಚಟ ಇನ್ನೂ ಹೋಗಿಲ್ಲ.

ಈಗ ಉಡುಪಿಯಲ್ಲಿ ನಮ್ಮ ಪರಿಚಯದವರ ಪೈಕಿ ಯಾರಿಗಾದರೂ ಪಾರ್ಕಿನ್‌ಸನ್ ಇದ್ದು ಆಪರೇಷನ್ ಅಂತಾದರೆ ಫೋನ್ ನನಗೆ ಬರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಕೇಳುತ್ತಾರೆ. ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ನಾನು ಡಾಕ್ಟರಲ್ಲ. ಮದ್ದಿನ ಹೆಸರುಗಳನ್ನು ಬರೆದಿರುವುದು ನಿಮ್ಮ ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳಲಿಕ್ಕೆ. ಇದನ್ನು ಓದಿ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ, ಶುರುವೂ ಮಾಡಬೇಡಿ.

## ಮೊದಮೊದಲು ಕೇಳುವವು

"ಪಾರ್ಕಿನ್‌ಸನ್ ಇದ್ದವರಿಗೆ ದೊಡ್ಡ ಆಪರೇಷನ್ ಮಾಡ್ಲಿಕ್ಕೆ ಆಗ್ತದಾ ಮಾರಾಯ್ರೇ? ತಡ್ಕೊಳ್ತಾರಾ?"

ಆಗುತ್ತದೆ. ಕರುಳು, ಹೃದಯ, ಮಂಡಿ, ಸೊಂಟ, ಎಲ್ಲ ಆಪರೇಷನ್‌ಗಳೂ ಇವರಿಗೆ ಆಗುತ್ತಲೇ ಇವೆ. ಆದರೆ ಕತ್ತರಿ ಹಾಕುವ ಎರಡು ಮೂರು ಗಂಟೆಗಿಂತ ಅದರ ಹಿಂದುಮುಂದಿನ ದಿನಗಳೇ ಇವರಿಗೆ ಕಷ್ಟ. ನುಂಗುವುದು ನಿಧಾನ, ಕಫ ಕೆಮ್ಮಿ ತೆಗೆಯುವ ಶಕ್ತಿ ಕಡಿಮೆ, ಹಾಗಾಗಿ ನ್ಯುಮೋನಿಯಾದ ಭಯ ಜಾಸ್ತಿ. ಎದ್ದು ನಿಂತರೆ ಬಿಪಿ ಇಳಿಯುತ್ತದೆ. ಮಲಬದ್ಧತೆ ಮೊದಲೇ ಇರುತ್ತದೆ, ನೋವಿನ ಮದ್ದು ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ತಲೆ ಗೊಂದಲ ಆಗುವ ಸಾಧ್ಯತೆಯೂ ಉಂಟು. ಇವೆಲ್ಲ ಮೊದಲೇ ಗೊತ್ತಿದ್ದರೆ ಬಹಳಷ್ಟು ತಡೆಯಬಹುದು. ಎಲುಬಿನ ಡಾಕ್ಟರು ಎಲುಬು ನೋಡುತ್ತಾರೆ, ಕರುಳಿನವರು ಕರುಳು ನೋಡುತ್ತಾರೆ. ಪಾರ್ಕಿನ್‌ಸನ್ ಕಡೆ ನೋಡುವ ನರರೋಗ ಡಾಕ್ಟರು ಹೆಚ್ಚಾಗಿ ಆ ವಾರ್ಡಿಗೆ ಬರುವುದೇ ಇಲ್ಲ. ಆ ಜಾಗದಲ್ಲಿ ನಿಲ್ಲಬೇಕಾದವರು ನೀವು.

"ಮಾತ್ರೆ ಒಂದೆರಡು ಗಂಟೆ ತಡ ಆದ್ರೆ ಎಂತ ಆಗ್ತದೆ? ಬಿಪಿ ಮಾತ್ರೆ ಹಾಗೆಯೇ ಅಲ್ವಾ?"

ಬಿಪಿ ಮಾತ್ರೆ ಹಾಗೆ ಅಲ್ಲವೇ ಅಲ್ಲ. ನನ್ನ ಇಡೀ ಪುಸ್ತಕದಲ್ಲಿ ಒಂದೇ ಪುಟ ಉಳಿಸಿ ಅಂದರೆ ನಾನು ಉಳಿಸುವುದು ಇದನ್ನೇ.

ಪಾರ್ಕಿನ್‌ಸನ್‌ನಲ್ಲಿ ಮಿದುಳಿನೊಳಗೆ ಡೋಪಮಿನ್ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ನಾವು ಕೊಡುವ ಲೆವೊಡೋಪಾ ಮಾತ್ರೆ ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತದೆ. ಕೈಕಾಲು ಆಡಲಿಕ್ಕೆ, ನುಂಗಲಿಕ್ಕೆ, ಮಾತಾಡಲಿಕ್ಕೆ ಅದೇ ಬೇಕು. ಆದರೆ ರಕ್ತದಲ್ಲಿ ಅದರ ಆಯುಷ್ಯ ಬಹಳ ಕಡಿಮೆ, ಸುಮಾರು ಒಂದೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕಾಯಿಲೆಯ ಮೊದಲ ವರ್ಷಗಳಲ್ಲಿ ಮಿದುಳು ಸ್ವಲ್ಪ ದಾಸ್ತಾನು ಇಟ್ಟುಕೊಳ್ಳುತ್ತದೆ. ಆಮೇಲೆ ದಾಸ್ತಾನು ಇರುವುದಿಲ್ಲ, ದಿನಗೂಲಿಯವರ ಹಾಗೆ ಅವತ್ತಿಂದು ಅವತ್ತಿಗೆ.

ನಮ್ಮ ಮೊದಲ ಆಪರೇಷನ್‌ನಲ್ಲಿ ಆದದ್ದು ಹೇಳುತ್ತೇನೆ. ಆಸ್ಪತ್ರೆಯ ಹೆಸರು ಬೇಡ. ಇವಳ ಮಾತ್ರೆಯ ಹೊತ್ತು ಬೆಳಿಗ್ಗೆ 7, 11, ಮಧ್ಯಾಹ್ನ 3, ರಾತ್ರಿ 7. ಆಪರೇಷನ್ ಹಿಂದಿನ ರಾತ್ರಿ 7ಕ್ಕೆ ಕೊಟ್ಟದ್ದು ಕೊನೆಯದು. ಬೆಳಿಗ್ಗೆ "ಏನೂ ಬಾಯಿಗೆ ಹಾಕಬೇಡಿ" ಅಂದರು, ನಾನು ವಿಧೇಯನಾಗಿ ಹಾಕಲಿಲ್ಲ. ಹತ್ತಕ್ಕೆ ಅಂದದ್ದು ಒಂದೂವರೆಗೆ ಹೋಯಿತು. ಹೊರಗೆ ಬಂದ ಮೇಲೆ ವಾಂತಿ, ಮತ್ತೆ ಬಾಯಿಗೆ ಏನೂ ಇಲ್ಲ. ವಾಂತಿ ನಿಲ್ಲಿಸಲಿಕ್ಕೆ ಕೊಟ್ಟ ಇಂಜೆಕ್ಷನ್ ಪಾರ್ಕಿನ್‌ಸನ್ ಇರುವವರಿಗೆ ಕೊಡಲೇಬಾರದ್ದು ಅಂತ ಆಮೇಲೆ ಗೊತ್ತಾಯಿತು. ಮುಂದಿನ ಮಾತ್ರೆ ಹೊಟ್ಟೆಗೆ ಹೋಗುವಾಗ ರಾತ್ರಿ 9. ಒಟ್ಟು 26 ಗಂಟೆ. ಅಷ್ಟರಲ್ಲಿ ಇವಳು ಮರದ ಕೊರಡಿನ ಹಾಗೆ ಆಗಿದ್ದಳು. ಬೆರಳು ಬಿಡಿಸಲಿಕ್ಕೆ ಆಗುತ್ತಿರಲಿಲ್ಲ, ದವಡೆ ಬಿಗಿದು ಚಮಚ ಒಳಗೆ ಹೋಗುತ್ತಿರಲಿಲ್ಲ, ಜೊಲ್ಲು ಕೆನ್ನೆಯಲ್ಲಿ ಇಳಿಯುತ್ತಿತ್ತು. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು. ಎಂಟು ದಿನ ಬೇಕಾಯಿತು ಮೊದಲಿನ ಹಾಗೆ ಆಗಲಿಕ್ಕೆ.

"ಮಂಗಳೂರಿಗೆ ಹೋಗುವುದಾ, ಮಣಿಪಾಲಕ್ಕೆ ಹೋಗುವುದಾ? ಎಲ್ಲಿ ಒಳ್ಳೆಯದು?"

ಇಷ್ಟು ಆಸ್ಪತ್ರೆಗಳು ಹತ್ತಿರ ಹತ್ತಿರ ಇರುವ ಊರು ನಮ್ಮದು, ಆ ಪುಣ್ಯ ಎಲ್ಲರಿಗೂ ಇಲ್ಲ. ಮಂಗಳೂರಿನಲ್ಲಿ ವೆನ್ಲಾಕ್, ಕೆಎಂಸಿ, ಫಾದರ್ ಮುಲ್ಲರ್, ಎ.ಜೆ., ದೇರಳಕಟ್ಟೆಯಲ್ಲಿ ಮೆಡಿಕಲ್ ಕಾಲೇಜುಗಳು, ಈ ಕಡೆ ಮಣಿಪಾಲದಲ್ಲಿ ಕಸ್ತೂರ್ಬಾ. ಯಾವುದು ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಮೂರು ವಿಷಯ ಕೇಳಿ. ಆಪರೇಷನ್ ಮಾಡುವ ಕಟ್ಟಡದಲ್ಲೇ ನರರೋಗ ವಿಭಾಗ ಇದೆಯಾ, ಕರೆದರೆ ವಾರ್ಡಿಗೆ ಬರುತ್ತಾರಾ? ನಿಮ್ಮ ಮಾತ್ರೆ ಆಸ್ಪತ್ರೆಯ ಫಾರ್ಮಸಿಯಲ್ಲಿ ಸಿಗುತ್ತದಾ? ರಾತ್ರಿ ಜೊತೆಗೆ ಯಾರು ಇರಬಹುದು? ಉಡುಪಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್, ದಿನಾ ಹೋಗಿಬರುವುದು ನಿಮಗೆ ಆಗುತ್ತದಾ ಅಂತಲೂ ನೋಡಿಕೊಳ್ಳಿ. ನೀವು ಬೀಳಬಾರದಲ್ವಾ.

"ಖರ್ಚಿಗೆ ಕಾರ್ಡ್ ಆಗ್ತದಾ?"

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಇರುತ್ತಾರೆ. ದಾಖಲಾಗುವ ಮೊದಲೇ ಅವರನ್ನು ಹಿಡಿಯಿರಿ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಅಂತ ಕೇಳಿ. ಇನ್ನೊಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್‌ಸನ್ ಉಂಟು. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

## ಆಪರೇಷನ್ ದಿನ ಗೊತ್ತಾದ ಮೇಲೆ

"ರಾತ್ರಿ ಹನ್ನೆರಡರ ಮೇಲೆ ನೀರೂ ಬೇಡ ಅಂದಿದ್ದಾರೆ. ಈ ಮಾತ್ರೆಯೂ ಬೇಡ್ವಾ?"

ಕೇಳದೆ ಊಹಿಸಬೇಡಿ. ಅನಸ್ತೇಶಿಯಾ ಡಾಕ್ಟರನ್ನೇ ಕೇಳಿ, ನರ್ಸನ್ನಲ್ಲ, ಸರ್ಜನ್‌ನನ್ನೂ ಅಲ್ಲ. ಸಾಮಾನ್ಯವಾಗಿ ಹಗುರ ಊಟಕ್ಕೆ ಆರು ಗಂಟೆ, ಬರೀ ನೀರಿಗೆ ಎರಡು ಗಂಟೆ ಅಂತರ ಕೇಳುತ್ತಾರೆ. ಪಾರ್ಕಿನ್‌ಸನ್ ಇರುವವರ ಹೊಟ್ಟೆ ಖಾಲಿಯಾಗುವುದು ನಿಧಾನ, ಹಾಗಾಗಿ ಕೆಲವರಿಗೆ ಊಟದ ಅಂತರ ಇನ್ನೂ ಜಾಸ್ತಿ ಹೇಳಬಹುದು. ಆದರೆ ಲೆವೊಡೋಪಾ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ಕೊಡಲಿಕ್ಕೆ ಹೆಚ್ಚಾಗಿ ಅನುಮತಿ ಸಿಗುತ್ತದೆ. "ಉಪವಾಸ" ಅಂದಾಗ ಮಾತ್ರೆಯೂ ಸೇರಿತು ಅಂತ ವಾರ್ಡಿನಲ್ಲಿ ಎಲ್ಲರೂ ತಿಳಿದುಕೊಳ್ಳುವುದೇ ತಾಪತ್ರಯ.

ಎರಡನೆಯ ಸಲ ನಾನು ಮೊದಲೇ ಅನಸ್ತೇಶಿಯಾ ತಪಾಸಣೆಗೆ ಹೋದಾಗ ಪುಸ್ತಕ ತೆರೆದು ತೋರಿಸಿದೆ. 26 ಗಂಟೆಯ ಪುಟ. ಆ ಡಾಕ್ಟರಮ್ಮ ಎರಡು ನಿಮಿಷ ಓದಿದರು. ಓದಿ, ಕೇಸ್ ಶೀಟಿನ ಮೇಲೆ ಕೆಂಪು ಪೆನ್ನಲ್ಲಿ "ಲೆವೊಡೋಪಾ ತಪ್ಪಿಸಬಾರದು, ಬೆಳಿಗ್ಗೆ 6ಕ್ಕೆ ಒಂದು ಗುಟುಕು ನೀರಿನೊಂದಿಗೆ" ಅಂತ ಬರೆದರು. ಲಿಸ್ಟಿನಲ್ಲಿ ಮೊದಲ ಕೇಸ್ ಮಾಡಿ ಅಂತ ಕೇಳಿದೆ, ಅದಕ್ಕೂ ಒಪ್ಪಿದರು. ಮೊದಲ ಕೇಸ್ ಆದರೆ ತಡವಾಗುವ ರಗಳೆ ಇಲ್ಲ. ಬಾಯಿಮಾತಿನಲ್ಲಿ "ಸರಿ ಸರಿ" ಅಂದರೆ ತೃಪ್ತಿಪಡಬೇಡಿ. ಶೀಟಿನಲ್ಲಿ ಬರೆಯದಿದ್ದರೆ ರಾತ್ರಿ ಪಾಳಿಯ ನರ್ಸಿಗೆ ಅದು ಹೇಗೆ ಗೊತ್ತಾಗಬೇಕು?

"ಬೆನ್ನಿಗೆ ಇಂಜೆಕ್ಷನ್ ಒಳ್ಳೆಯದಾ, ಪೂರ್ತಿ ಮಲಗಿಸುವುದಾ?"

ಅದು ಅವರ ತೀರ್ಮಾನ. ಬೆನ್ನಿಗೆ ಕೊಟ್ಟರೆ ಬೇಗ ಮಾತ್ರೆ ನುಂಗಬಹುದು, ಗಂಟಲಿಗೆ ಕೊಳವೆ ಇಲ್ಲ. ಆದರೆ ನಡುಕ ಜೋರಿದ್ದರೆ ಅಲ್ಲಾಡದೆ ಮಲಗುವುದು ಕಷ್ಟ, ಬೆನ್ನು ಬಾಗಿದ್ದರೆ ಸೂಜಿ ಹಾಕುವುದೂ ಕಷ್ಟ. ಇವಳಿಗೆ ಸೊಂಟಕ್ಕೆ ಬೆನ್ನಿಗೆ ಕೊಟ್ಟರು, ಕರುಳಿಗೆ ಪೂರ್ತಿ ಮಲಗಿಸಿದರು.

"ನಮ್ಮವರು ನಸುಗುನ್ನಿ ಪುಡಿಯೂ ತಗೊಳ್ತಾರೆ. ಅದನ್ನು ಡಾಕ್ಟರಿಗೆ ಹೇಳ್ಬೇಕಾ? ಬೈತಾರೆ ಅಂತ ಹೆದರಿಕೆ."

ಬೈದರೆ ಬೈಯಲಿ, ಹೇಳಲೇಬೇಕು. ನಸುಗುನ್ನಿ ಬೀಜದಲ್ಲಿ ಇರುವುದು ಲೆವೊಡೋಪಾವೇ. ಅಂದರೆ ನೀವು ಚೀಟಿಯಲ್ಲಿ ಬರೆದುಕೊಟ್ಟ ಪ್ರಮಾಣಕ್ಕಿಂತ ಜಾಸ್ತಿ ಅವರ ಮೈಗೆ ಹೋಗುತ್ತಿದೆ. ಆಸ್ಪತ್ರೆಯಲ್ಲಿ ಪುಡಿ ನಿಂತುಬಿಟ್ಟರೆ "ಮಾತ್ರೆ ಸರಿಯಾಗಿ ಕೊಡುತ್ತಿದ್ದೇವಲ್ಲ, ಯಾಕೆ ಬಿಗಿಯುತ್ತಿದ್ದಾರೆ" ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಕಷಾಯ, ಲೇಹ್ಯ, ಪಕ್ಕದ ಮನೆಯವರು ಕೊಟ್ಟ ಬೇರು, ಎಲ್ಲವೂ ಪಟ್ಟಿಯಲ್ಲಿ ಬರಲಿ.

"ಬ್ಯಾಗಿನಲ್ಲಿ ಎಂತೆಲ್ಲ ಇಟ್ಕೊಳ್ಳುವುದು?"

ಹತ್ತು ದಿನಕ್ಕೆ ಆಗುವಷ್ಟು ಪಾರ್ಕಿನ್‌ಸನ್ ಮಾತ್ರೆ, ಮೂಲ ಸ್ಟ್ರಿಪ್ಪಿನಲ್ಲೇ. ಡಬ್ಬಿಗೆ ಬಿಡಿಸಿ ಹಾಕಬೇಡಿ, ಹೆಸರು ಕಾಣಬೇಕು. ಲೆವೊಡೋಪಾ ಮಾತ್ರೆಯಲ್ಲೇ ಸಿಂಡೋಪಾ ಅಂತ ಒಂದೇ ಹೆಸರಿನಲ್ಲಿ 110, 275, ಪ್ಲಸ್, ಸಿಆರ್ (ನಿಧಾನವಾಗಿ ಬಿಡುವಂಥದ್ದು) ಅಂತ ಬೇರೆ ಬೇರೆ ಇದೆ, ಒಂದರ ಬದಲು ಇನ್ನೊಂದು ತಂದು ಕೊಟ್ಟರೆ ಲೆಕ್ಕವೇ ತಪ್ಪುತ್ತದೆ. ಕನ್ನಡಕ, ಹಲ್ಲಿನ ಸೆಟ್, ಕಿವಿಯ ಯಂತ್ರ ಇದ್ದರೆ ಅದು. ಹಿಂದೆ ಬೆಲ್ಟ್ ಇರುವ, ಜಾರದ ಚಪ್ಪಲಿ. ಬಾಗುವ ಸ್ಟ್ರಾ. ಮುಂದೆ ಗುಂಡಿ ಇರುವ ನೈಟಿ.

ಮತ್ತೆ ಒಂದು ಹಾಳೆ. ಒಂದೇ ಹಾಳೆ, ಎರಡಾದರೆ ಯಾರೂ ಓದುವುದಿಲ್ಲ. ದೊಡ್ಡ ಅಕ್ಷರದಲ್ಲಿ ಮಾತ್ರೆಯ ಹೆಸರು, ಪ್ರಮಾಣ, ಗಡಿಯಾರದ ಹೊತ್ತು. "ದಿನಕ್ಕೆ ನಾಲ್ಕು ಸಲ" ಅಂತ ಬರೆದರೆ ಆಸ್ಪತ್ರೆಯವರು ತಮ್ಮ ಸುತ್ತಿನ ಹೊತ್ತಿಗೆ ಕೊಡುತ್ತಾರೆ. 7, 11, 3, 7 ಅಂತಲೇ ಬರೆಯಿರಿ. ಕೆಳಗೆ ಕೊಡಬಾರದ ಮದ್ದುಗಳು. ಕೊನೆಗೆ ಎರಡು ಸಾಲು: "ಇವರ ಧ್ವನಿ ಸಣ್ಣದು, ಮುಖದಲ್ಲಿ ಭಾವನೆ ಕಾಣುವುದಿಲ್ಲ. ಕೇಳಿದ್ದು ಅರ್ಥವಾಗುತ್ತದೆ, ಉತ್ತರಕ್ಕೆ ಸ್ವಲ್ಪ ಕಾಯಿರಿ." ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಕೇರಳದ ನರ್ಸುಗಳು ಬಹಳ. ಪಾಪ ಅವರು ಅರ್ಧ ಕನ್ನಡದಲ್ಲಿ ಕೇಳುತ್ತಾರೆ, ಇವಳು ಪಿಸುಮಾತಿನ ತುಳುವಿನಲ್ಲಿ ಹೇಳುತ್ತಾಳೆ. ಹಾಳೆಯನ್ನು ಇಂಗ್ಲಿಷ್‌ನಲ್ಲೂ ಒಂದು ಮಾಡಿಸಿ. ನಮ್ಮ ಮಗಳು ಮಾಡಿಕೊಟ್ಟಳು, ಐದು ಪ್ರತಿ ಇಟ್ಟಿದ್ದೆವು, ನಾಲ್ಕು ಖರ್ಚಾಯಿತು.

## ಆಸ್ಪತ್ರೆಯೊಳಗೆ

"ಕೊಡ್ಲೇಬಾರದ ಮದ್ದು ಯಾವುದು?"

ಡೋಪಮಿನ್‌ಗೆ ಅಡ್ಡ ನಿಲ್ಲುವ ಮದ್ದುಗಳು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ (ಪೆರಿನಾರ್ಮ್), ಪ್ರೊಕ್ಲೋರ್‌ಪೆರಜಿನ್ (ಸ್ಟೆಮೆಟಿಲ್), ಪ್ರೊಮೆಥಜಿನ್ (ಫೆನರ್ಗನ್). ರಾತ್ರಿ ಗಲಾಟೆ ಮಾಡಿದರೆ ಕೊಡುವ ಹ್ಯಾಲೊಪೆರಿಡಾಲ್ (ಸೆರೆನೇಸ್). ಇವು ಕೆಟ್ಟ ಮದ್ದುಗಳಲ್ಲ, ಬೇರೆಯವರಿಗೆ ದಿನಾ ಕೊಡುತ್ತಾರೆ, ಹಾಗಾಗಿಯೇ ಯೋಚಿಸದೆ ಕೈ ಅದಕ್ಕೆ ಹೋಗುತ್ತದೆ. ವಾಂತಿಗೆ ಹೆಚ್ಚಾಗಿ ಒಂಡನ್‌ಸೆಟ್ರಾನ್ (ಎಮಿಸೆಟ್) ಕೊಡುತ್ತಾರೆ, ಹೃದಯದ ತೊಂದರೆ ಇಲ್ಲದಿದ್ದರೆ ಡೊಂಪೆರಿಡೋನ್ ಕೂಡ. ಆದರೆ ಪಾರ್ಕಿನ್‌ಸನ್‌ಗೆ ಅಪೋಮಾರ್ಫಿನ್ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಒಂಡನ್‌ಸೆಟ್ರಾನ್ ಆಗುವುದಿಲ್ಲ, ಬಿಪಿ ಪಾತಾಳಕ್ಕೆ ಇಳಿಯಬಹುದು.

ಹಾಳೆಯಲ್ಲಿ ಬರೆದರೂ ಸಾಕಾಗುವುದಿಲ್ಲ. ಸಿರಿಂಜ್ ಹಿಡಿದು ಬಂದವರನ್ನು "ಸಿಸ್ಟರ್, ಇದು ಯಾವುದು?" ಅಂತ ನಗುನಗುತ್ತಾ ಕೇಳಿ. ಪ್ರತಿ ಸಲ ಕೇಳಿ. ಮೂರನೆಯ ದಿನಕ್ಕೆ ಅವರೇ ಹೇಳಿಕೊಂಡು ಬರುತ್ತಾರೆ.

"ಮಾತ್ರೆ ನಾವೇ ಕೊಡ್ತೇವೆ ಅಂತ ನರ್ಸ್ ತೆಗೆದಿಟ್ಕೊಂಡ್ರು. ಜಗಳ ಮಾಡುವುದಾ?"

ಜಗಳ ಬೇಡ. ಅವರಿಗೂ ನಿಯಮ ಇರುತ್ತದೆ, ಒಬ್ಬರೇ ಇಪ್ಪತ್ತು ಜನರನ್ನು ನೋಡಬೇಕು. "ರೋಗಿಯ ಕಡೆಯವರು ಹೊತ್ತಿಗೆ ಸರಿಯಾಗಿ ಕೊಡಬಹುದು, ಕೊಟ್ಟು ನರ್ಸಿಗೆ ತಿಳಿಸಬೇಕು" ಅಂತ ಡಾಕ್ಟರ ಕೈಯಿಂದ ಶೀಟಿನಲ್ಲಿ ಬರೆಸಿಕೊಳ್ಳಿ. ಬರೆಯದಿದ್ದರೆ ಹೊತ್ತಿಗೆ ಹತ್ತು ನಿಮಿಷ ಮೊದಲು ಹೋಗಿ ಮೇಜಿನ ಹತ್ತಿರ ನಿಂತುಕೊಳ್ಳಿ, ಏನೂ ಹೇಳುವುದೇ ಬೇಡ. ನನ್ನ ಫೋನಿನಲ್ಲಿ ನಾಲ್ಕು ಅಲಾರಂ ಇತ್ತು. ಆರನೆಯ ದಿನ ಪಕ್ಕದ ಹಾಸಿಗೆಯ ಅಜ್ಜಿ, ಅಲಾರಂ ಬಡಿಯುವ ಮೊದಲೇ "ಓ ಭಟ್ರೇ, ಗಂಟೆ ಹನ್ನೊಂದಾಯ್ತು" ಅಂದರು. ನಾನು ಭಟ್ರಲ್ಲ, ಆದರೆ ತಿದ್ದಲಿಕ್ಕೆ ಹೋಗಲಿಲ್ಲ.

ನೀವೇ ಕೊಟ್ಟು ಹೇಳದೆ ಇರುವುದು ಮಾತ್ರ ತಪ್ಪು. ಅವರೂ ಕೊಟ್ಟರೆ ಎರಡೆರಡಾಗುತ್ತದೆ.

"ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲವಂತೆ. ನಾನು ಎಂತ ಮಾಡ್ಲಿ?"

ಹೆಂಡತಿಯನ್ನು ನೋಡಿಕೊಳ್ಳುವ ಗಂಡಂದಿರು ಮಾತ್ರ ಕೇಳುವ ಪ್ರಶ್ನೆ ಇದು. ಜನರಲ್ ವಾರ್ಡಿನಲ್ಲಿ ಬಿಡುವುದಿಲ್ಲ, ಅದು ನ್ಯಾಯವೂ ಹೌದು. ಪ್ರತ್ಯೇಕ ಕೋಣೆಗೆ ದುಡ್ಡಿದ್ದರೆ ಆಯಿತು. ಇಲ್ಲದಿದ್ದರೆ ರಾತ್ರಿಗೆ ಒಬ್ಬ ಹೆಂಗಸನ್ನು ಮೊದಲೇ ಗೊತ್ತುಮಾಡಿ, ಅವರಿಗೆ ಪಾಠ ಮಾಡಿ. ನಮ್ಮಲ್ಲಿ ನಾದಿನಿ ಕಾರ್ಕಳದಿಂದ ಬಂದಳು. ಅವಳಿಗೆ ಒಂದು ಸಂಜೆ ಪೂರ್ತಿ ಕಲಿಸಿದೆ: ಮಾತ್ರೆ ಕೊಡುವಾಗ ತಲೆದಿಂಬು ಎತ್ತಿ ಕೂರಿಸಬೇಕು, ಗಲ್ಲ ಸ್ವಲ್ಪ ಕೆಳಗಿರಬೇಕು, ನುಂಗಿದ ಮೇಲೆ ಬಾಯಿ ತೆರೆದು ನೋಡಬೇಕು, ಮಗ್ಗುಲು ಬದಲಿಸುವಾಗ ಕೈ ಹಿಡಿದು ಎಳೆಯಬಾರದು. ಅವಳು ನನಗೆ ಜಡೆ ಹಾಕುವುದು ಕಲಿಸಿದಳು. ಮಲಗಿಯೇ ಇದ್ದರೆ ಹಿಂದಲೆಯಲ್ಲಿ ಕೂದಲು ಜಡೆಗಟ್ಟಿ ನೋಯುತ್ತದೆ, ಬೈತಲೆ ತೆಗೆದು ಎರಡು ಜಡೆ ಹಾಕಿ ಎದೆಯ ಮೇಲೆ ಬಿಟ್ಟರೆ ಆರಾಮ. ನಲವತ್ತು ವರ್ಷದ ಸಂಸಾರದಲ್ಲಿ ಇದು ನನಗೆ ಗೊತ್ತಿರಲಿಲ್ಲ.

"ನುಂಗ್ಲಿಕ್ಕೆ ಆಗುವುದೇ ಇಲ್ಲ ಅಂದ್ರೆ? ಇಂಜೆಕ್ಷನ್ ಇಲ್ವಾ?"

ವಾರ್ಡಿನಲ್ಲಿ ಸುಲಭವಾಗಿ ಕೊಡುವ ಲೆವೊಡೋಪಾ ಇಂಜೆಕ್ಷನ್ ಇಲ್ಲ. ಇದು ಸಣ್ಣ ಕರುಳಿನಲ್ಲೇ ಹೀರಿಕೊಳ್ಳಬೇಕಾದ ಮದ್ದು. ಬಾಯಿಯಲ್ಲಿ ಆಗದಿದ್ದರೆ ಮೂಗಿನಿಂದ ಹೊಟ್ಟೆಗೆ ಹಾಕುವ ರೈಲ್ಸ್ ಟ್ಯೂಬ್‌ನಲ್ಲಿ ಕೊಡುತ್ತಾರೆ. ಸಾದಾ ಮಾತ್ರೆಯನ್ನು ಪುಡಿ ಮಾಡಿ ನೀರಿನಲ್ಲಿ ಕದಡಬಹುದು. ಸಿಆರ್ ಅಂತ ಇರುವುದನ್ನು ಮಾತ್ರ ಪುಡಿ ಮಾಡಬಾರದು, ನಿಧಾನವಾಗಿ ಬಿಡಬೇಕಾದ್ದು ಒಮ್ಮೆಲೇ ಬಿಡುತ್ತದೆ. ಸಿಆರ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಸಾದಾ ಮಾತ್ರೆಗೆ ಬದಲಾಯಿಸುವ ಲೆಕ್ಕವನ್ನು ನರರೋಗ ಡಾಕ್ಟರ ಹತ್ತಿರ ಆಪರೇಷನ್‌ಗೆ ಮೊದಲೇ ಬರೆಸಿಟ್ಟುಕೊಳ್ಳಿ. ಭಾನುವಾರ ರಾತ್ರಿ ಆ ಲೆಕ್ಕ ಹಾಕುವವರು ಸಿಗುವುದಿಲ್ಲ.

ಇವಳಿಗೆ ಕರುಳಿನ ಆಪರೇಷನ್ ಆದ ಸಂಜೆಯೇ ಟ್ಯೂಬ್‌ನಲ್ಲಿ ಕೊಟ್ಟರು. ಕೊಟ್ಟು ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಹಾಗೇ ಬಿಟ್ಟರು. ಹೊಟ್ಟೆಯ ನೀರು ಹೊರಗೆ ಬರಲಿಕ್ಕೆ ಟ್ಯೂಬ್ ತೆರೆದೇ ಇದ್ದರೆ ಕೊಟ್ಟ ಮಾತ್ರೆಯೂ ಅದರಲ್ಲೇ ಹೊರಗೆ ಬರುತ್ತದೆ. ಇದನ್ನು ಕೇಳಬೇಕು ಅಂತ ನನಗೆ ಹೊಳೆದಿರಲಿಲ್ಲ, ಒಬ್ಬ ಹಿರಿಯ ನರ್ಸ್ ತಾವಾಗಿಯೇ ಮಾಡಿದರು.

"ಮಾನಿಟರ್ ಒಂದೇ ಸಮನೆ ಬಡ್ಕೊಳ್ತದೆ. ಹಾರ್ಟಿಗೆ ಎಂತದಾದರೂ ಆಯ್ತಾ?"

ಡಾಕ್ಟರು ನೋಡಲೇಬೇಕು. ಆದರೆ ಕೈ ನಡುಗುವುದನ್ನು ಮಾನಿಟರ್ ಹೃದಯದ ಏರುಪೇರು ಅಂತ ಓದುವುದೂ ಉಂಟು. ಬೆರಳಿನ ಕ್ಲಿಪ್ಪೂ ಹಾಗೆಯೇ. ಒಮ್ಮೆ ಹೊಸ ಹುಡುಗಿ ಒಬ್ಬಳು ಓಡೋಡಿ ಬಂದಳು, ಇವಳು ಶಾಂತವಾಗಿ ಮಲಗಿದ್ದಳು, ಬಲಗೈ ಮಾತ್ರ ಚಕ್ಕುಲಿ ಹಿಟ್ಟು ಒತ್ತುವ ಹಾಗೆ ಆಡುತ್ತಿತ್ತು. ನಾನು ಕೈ ಮೇಲೆ ಕೈ ಇಟ್ಟೆ, ಗೆರೆ ಸರಿಯಾಯಿತು.

"ಎರಡನೇ ರಾತ್ರಿಯಿಂದ ಗೋಡೆಯಲ್ಲಿ ಇರುವೆ ಉಂಟು ಅಂತಾರೆ. ನನ್ನನ್ನೇ ಯಾರು ಅಂತ ಕೇಳ್ತಾರೆ. ಹುಚ್ಚು ಹಿಡಿಯಿತಾ?"

ಇಲ್ಲ. ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ವಯಸ್ಸಾದವರಿಗೆ ದೊಡ್ಡ ಆಪರೇಷನ್ ಆದ ಮೇಲೆ ಬರುವುದುಂಟು, ಪಾರ್ಕಿನ್‌ಸನ್ ಇದ್ದರೆ ಇನ್ನೂ ಜಾಸ್ತಿ. ಹಗಲು ತೂಕಡಿಕೆ, ರಾತ್ರಿ ಗಲಾಟೆ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಇಳಿಯುತ್ತದೆ, ಕೆಲವರಿಗೆ ವಾರಗಳು ಬೇಕು.

ನನ್ನ ಹೆಂಡತಿ ಮೂರನೆಯ ರಾತ್ರಿ ಸತ್ತುಹೋದ ತನ್ನ ಅಮ್ಮನ ಜೊತೆ ತುಳುವಿನಲ್ಲಿ ಮಾತಾಡುತ್ತಿದ್ದಳಂತೆ, ಹಲಸಿನ ಹಪ್ಪಳ ಒಣಗಿಸಿದ್ದನ್ನು ಮಳೆ ಬರುವ ಮೊದಲು ತೆಗೆಯಬೇಕು ಅಂತ ಹಾಸಿಗೆಯಿಂದ ಇಳಿಯಲಿಕ್ಕೆ ನೋಡಿದಳಂತೆ. ನಾದಿನಿ ಜಾಣೆ. "ಅಮ್ಮ ಇಲ್ಲ ಅಕ್ಕ" ಅಂತ ವಾದ ಮಾಡಲಿಲ್ಲ, "ತೆಗೆದಾಯ್ತು ಅಕ್ಕ, ಒಳಗಿಟ್ಟೆ" ಅಂದಳು. ಮಲಗಿದಳು.

ಕಾರಣ ಹುಡುಕಿಸಿ. ಮೂತ್ರದ ಸೋಂಕು, ಮೂತ್ರ ಕಟ್ಟಿರುವುದು, ಮಲ ಕಟ್ಟಿರುವುದು, ನೋವು, ಜ್ವರ, ಸೋಡಿಯಂ ಕಡಿಮೆ, ಹೊಸದಾಗಿ ಕೊಟ್ಟ ನೋವಿನ ಅಥವಾ ನಿದ್ದೆಯ ಮದ್ದು. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಕೂಡ ವಯಸ್ಸಾದವರ ತಲೆ ಕೆಡಿಸುತ್ತದೆ. ಕನ್ನಡಕ ಹಾಕಿಸಿ, ಹಗಲು ಕಿಟಕಿ ತೆರೆಯಿರಿ, ದಿನ ವಾರ ಹೇಳುತ್ತಾ ಇರಿ. ಕೈ ಕಟ್ಟಿಹಾಕಿದರೆ ಹೆಚ್ಚಾಗಿ ಗಲಾಟೆ ಇನ್ನೂ ಏರುತ್ತದೆ. ಮದ್ದು ಬೇಕೇ ಬೇಕಾದರೆ ಹ್ಯಾಲೊಪೆರಿಡಾಲ್ ಬೇಡ ಅಂತ ನೆನಪಿಸಿ. ಇಂಥವರಿಗೆ ಸಣ್ಣ ಪ್ರಮಾಣದ ಕ್ವೆಟಿಯಾಪಿನ್ ಬಳಸುವುದುಂಟು, ಅದು ಡಾಕ್ಟರ ತೀರ್ಮಾನ.

## ಮನೆಗೆ ಬಂದ ಮೇಲೆ

"ಬರೀ ಗಂಜಿ ಕೊಡುವುದಾ? ಮೀನು ಕೊಡ್ಬಹುದಾ?"

ಗಾಯ ಮಾಗಲಿಕ್ಕೆ ಪ್ರೋಟೀನ್ ಬೇಕು, ಬರೀ ಗಂಜಿ ಉಪ್ಪಿನಕಾಯಿ ಸಾಲುವುದಿಲ್ಲ. ಆದರೆ ಮೀನು, ಮೊಟ್ಟೆ, ಬೇಳೆ, ಹಾಲು ಮಾತ್ರೆಯ ಜೊತೆಗೇ ಹೋದರೆ ಮಾತ್ರೆ ಹೀರಿಕೊಳ್ಳುವುದಕ್ಕೆ ಅಡ್ಡ ಬರುತ್ತದೆ. ಮಾತ್ರೆ ಮೊದಲು, ಊಟ ಅರ್ಧ ಗಂಟೆಯ ಮೇಲೆ. ನಾವು 11ರ ಮಾತ್ರೆ ಆಗಿ ಹನ್ನೆರಡಕ್ಕೆ ಕುಚ್ಚಲಕ್ಕಿ ಗಂಜಿ, ಮುಳ್ಳು ಬಿಡಿಸಿದ ಮೀನು ಕೊಡುತ್ತಿದ್ದೆವು. ತೀರಾ ನೀರಾದ ತಿಳಿ ಗಂಟಲಲ್ಲಿ ಅಡ್ಡದಾರಿ ಹಿಡಿದು ಕೆಮ್ಮು ಬರುತ್ತದೆ, ಸ್ವಲ್ಪ ಮಂದ ಮಾಡಿ. ಪ್ರತಿ ತುತ್ತಿಗೂ ಕೆಮ್ಮಿದರೆ ನುಂಗುವುದನ್ನು ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ಹತ್ತಿರ ತೋರಿಸಿ.

ಇನ್ನೊಂದು ಗುಟ್ಟಿನ ಶತ್ರು ಕಬ್ಬಿಣದ ಮಾತ್ರೆ. ರಕ್ತ ಹೋಗಿದೆ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತಾರೆ. ಅದು ಲೆವೊಡೋಪಾವನ್ನು ಹಿಡಿದುಕೊಂಡುಬಿಡುತ್ತದೆ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರ ಬೇಕು. ಮೇಲಾಗಿ ಅದು ಮಲಬದ್ಧತೆಯನ್ನೂ ಜಾಸ್ತಿ ಮಾಡುತ್ತದೆ.

"ಎದ್ದು ನಿಂತ ಕೂಡ್ಲೇ ಕಣ್ಣು ಕತ್ತಲೆ ಬರ್ತದಂತೆ. ಬಿಪಿ ನೋಡಿದ್ರೆ ಸರಿ ಉಂಟು."

ಮಲಗಿದಾಗ ನೋಡಿದ್ದೀರಿ. ನಿಂತು ಒಂದು ನಿಮಿಷಕ್ಕೆ, ಮತ್ತೆ ಮೂರು ನಿಮಿಷಕ್ಕೆ ನೋಡಿ. ಮೇಲಿನ ಅಂಕೆ 20 ಅಥವಾ ಜಾಸ್ತಿ ಇಳಿದರೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಹಳೆಯ ಬಿಪಿ ಮಾತ್ರೆ ಕಡಿಮೆ ಮಾಡಬೇಕಾದೀತು. ಏಳಿಸುವಾಗ ಮೊದಲು ಮಂಚದ ಅಂಚಿನಲ್ಲಿ ಐದು ನಿಮಿಷ ಕೂರಿಸಿ. ಬಾಗಿಲ ಹೊಸ್ತಿಲಲ್ಲಿ ಕಾಲು ಅಂಟಿಕೊಂಡರೆ ಎಳೆಯಬೇಡಿ, ನಿಲ್ಲಿಸಿ, "ಒಂದು, ಎರಡು" ಅಂತ ಲೆಕ್ಕ ಹೇಳಿ. ಫಿಸಿಯೊಥೆರಪಿಯವರಿಗೆ ಮಾತ್ರೆ ಕೊಟ್ಟು ಮುಕ್ಕಾಲು ಗಂಟೆ ಆದ ಮೇಲಿನ ಹೊತ್ತು ಕೊಡಿ. ಮಾತ್ರೆಯ ಬಲ ಇಳಿದ ಹೊತ್ತಿನಲ್ಲಿ ಬಂದು "ಇವರು ಸಹಕರಿಸುವುದಿಲ್ಲ" ಅಂತ ಬರೆದು ಹೋದವರನ್ನೂ ನೋಡಿದ್ದೇನೆ.

"ಆಪರೇಷನ್ ಆದ ಮೇಲೆ ಪಾರ್ಕಿನ್‌ಸನ್ ಜಾಸ್ತಿ ಆಯ್ತು. ಇನ್ನು ಹೀಗೆಯೇನಾ?"

ಬೇಗ ಹಾಗೆ ತೀರ್ಮಾನ ಮಾಡಬೇಡಿ. ನೋವು, ಸೋಂಕು, ನಿದ್ದೆಗೇಡು, ತಪ್ಪಿದ ಮಾತ್ರೆ, ಎಲ್ಲವೂ ಕಾಯಿಲೆ ಜಾಸ್ತಿ ಆದ ಹಾಗೆ ತೋರಿಸುತ್ತವೆ. ಇವಳು ಎರಡನೆಯ ಸಲ ಮೂರು ತಿಂಗಳಲ್ಲಿ ಮೊದಲಿನ ಹತ್ತಿರ ಬಂದಳು. ಪೂರ್ತಿ ಮೊದಲಿನ ಹಾಗೆ ಅಂತ ಸುಳ್ಳು ಹೇಳಲಾರೆ. ತೆಂಗಿನಕಾಯಿ ತುರಿಯುವುದು ನಿಂತೇ ಹೋಯಿತು.

"ನಿಮಗೆ ಸುಸ್ತಾಗುವುದಿಲ್ವಾ?"

ಆಗುತ್ತದೆ. ಒಂದು ದಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಹಾ ಮುಂದಿಟ್ಟುಕೊಂಡು ಕೂತಲ್ಲೇ ನಿದ್ದೆ ಹೋಗಿ 3ರ ಮಾತ್ರೆ 4ಕ್ಕೆ ಕೊಟ್ಟೆ. ಪುಸ್ತಕದಲ್ಲಿ ಅದನ್ನೂ ಬರೆದಿದ್ದೇನೆ. ನಿಮ್ಮ ಶುಗರ್, ಬಿಪಿ ಮಾತ್ರೆಗೂ ಅಲಾರಂ ಇಡಿ.

## ಸ್ವಲ್ಪ ಗಟ್ಟಿ ಪ್ರಶ್ನೆಗಳು

"ರಸಾಜಿಲಿನ್ ಕೂಡ ತಗೊಳ್ತಾರೆ. ಅದು ನಿಲ್ಲಿಸ್ಬೇಕಾ?"

ಇದು ಬಹಳ ಮುಖ್ಯ. ರಸಾಜಿಲಿನ್, ಸೆಲೆಜಿಲಿನ್ (ಪಾರ್ಕಿನ್‌ಸನ್‌ಗೇ ಕೊಡುವ ಬೇರೆ ಮಾತ್ರೆಗಳು) ಇದ್ದರೆ ನೋವಿಗೆ ಕೊಡುವ ಪೆಥಿಡಿನ್, ಟ್ರಮಡಾಲ್ ಆಗುವುದಿಲ್ಲ. ಎರಡೂ ಸೇರಿದರೆ ಜ್ವರ, ನಡುಕ, ಬಿಪಿ ಏರುಪೇರು ಆಗಿ ಜೀವಕ್ಕೇ ಅಪಾಯ ಬರಬಹುದು. ನಮ್ಮಲ್ಲಿ ಟ್ರಮಡಾಲ್ ಧಾರಾಳವಾಗಿ ಬಳಸುತ್ತಾರೆ, ಹಾಗಾಗಿ ಎಚ್ಚರ. ಕೆಲವು ಡಾಕ್ಟರು ಒಂದೆರಡು ವಾರ ಮೊದಲೇ ನಿಲ್ಲಿಸುತ್ತಾರೆ, ಕೆಲವರು ಮುಂದುವರಿಸಿ ಬೇರೆ ನೋವಿನ ಮದ್ದು ಕೊಡುತ್ತಾರೆ. ತುರ್ತು ಆಪರೇಷನ್‌ನಲ್ಲಿ ನಿಲ್ಲಿಸಲಿಕ್ಕೆ ಸಮಯವೇ ಇರುವುದಿಲ್ಲ, ಆಗ ಹೇಳುವುದೊಂದೇ ದಾರಿ.

"ಜ್ವರ ಏರಿದೆ, ಮೈ ಮರಗಟ್ಟಿದೆ, ಮಾತು ಗೊತ್ತಾಗುವುದಿಲ್ಲ. ಬೆಳಿಗ್ಗೆವರೆಗೆ ಕಾಯ್ಬಹುದಾ?"

ಕಾಯಬೇಡಿ. ಲೆವೊಡೋಪಾ ಅಥವಾ ಪಾರ್ಕಿನ್‌ಸನ್‌ನ ಇನ್ನೊಂದು ಮದ್ದು ಅಮಾಂಟಡಿನ್ ಹಠಾತ್ ನಿಂತಾಗ ಹೀಗೆ ಆಗುವುದುಂಟು: ಜೋರು ಜ್ವರ, ವಿಪರೀತ ಬಿಗಿತ, ಬೆವರು, ಗೊಂದಲ. ಜೀವಕ್ಕೆ ಅಪಾಯ. ಸೋಂಕಿನ ಜ್ವರ ಅಂತ ತಿಳಿದು ಬರೀ ಆಂಟಿಬಯೋಟಿಕ್ ಕೊಟ್ಟು ಕೂರುವ ಸಾಧ್ಯತೆ ಇದೆ. ಕೊನೆಯ ಮಾತ್ರೆ ಎಷ್ಟು ಗಂಟೆಗೆ ಹೋಯಿತು ಅಂತ ಮೊದಲ ವಾಕ್ಯದಲ್ಲೇ ಹೇಳಿ. ಮನೆಯಲ್ಲಿದ್ದರೆ 108ಕ್ಕೆ ಫೋನ್ ಮಾಡಿ.

"ಮಿದುಳಿಗೆ ಡಿಬಿಎಸ್ ಹಾಕಿಸಿದ್ದೇವೆ. ಬೇರೆ ಆಪರೇಷನ್‌ಗೆ ತೊಂದರೆ ಉಂಟಾ?"

ಡಿಬಿಎಸ್ ಅಂದರೆ ಮಿದುಳಿನೊಳಗೆ ತಂತಿ ಇಟ್ಟು ಸಣ್ಣ ಕರೆಂಟ್ ಕೊಡುವ ಯಂತ್ರ. ಬೇರೆ ಆಪರೇಷನ್ ಮಾಡಬಹುದು, ಆದರೆ ಎಲ್ಲರಿಗೂ ಮೊದಲೇ ಗೊತ್ತಿರಬೇಕು. ರಕ್ತ ನಿಲ್ಲಿಸಲು ಬಳಸುವ ಕರೆಂಟಿನ ಉಪಕರಣ ಡಿಬಿಎಸ್‌ಗೆ ತೊಂದರೆ ಕೊಡಬಹುದು. ಅದರಲ್ಲೇ ಬೈಪೋಲಾರ್ ಅನ್ನುವ ಬಗೆಯದ್ದು ಬಳಸಿದರೆ ಅಪಾಯ ಕಡಿಮೆ. ಎಂಆರ್‌ಐ ಎಲ್ಲ ಮಾಡೆಲ್‌ಗೂ ಆಗುವುದಿಲ್ಲ. ಡಯಾಥರ್ಮಿ ಅಂತ ಫಿಸಿಯೊಥೆರಪಿಯಲ್ಲಿ ಬಿಸಿ ಕೊಡುವುದಂತೂ ಇವರಿಗೆ ಕೂಡದು. ಡಿಬಿಎಸ್ ಕಾರ್ಡ್ ಮತ್ತು ರಿಮೋಟ್ ತೆಗೆದುಕೊಂಡು ಹೋಗಿ. ಆಫ್ ಮಾಡಿದರೆ ಮತ್ತೆ ಆನ್ ಆಗಿದೆಯಾ ಅಂತ ನೋಡುವವರು ಯಾರು ಅಂತ ಮೊದಲೇ ಗೊತ್ತುಮಾಡಿ.

"ಡಾಕ್ಟರು ಹೇಳಿದ ಎಲ್ಲ ಆಪರೇಷನ್ ಮಾಡಿಸ್ಲೇಬೇಕಾ? ಬೇಡ ಅನ್ನುವುದು ಯಾವಾಗ?"

ಸೊಂಟದ ಎಲುಬು, ಕರುಳಿನ ಗಡ್ಡೆ, ಇವು ಬಿಡುವಂಥದ್ದಲ್ಲ. ಆಮೇಲೆ ನಮಗೆ ಮಂಡಿ ಬದಲಾಯಿಸುವ ಮಾತು ಬಂತು, ಕಣ್ಣಿನ ಪೊರೆಯದ್ದೂ ಬಂತು. ಮಕ್ಕಳು ನನ್ನನ್ನು ಕೇಳಿದರು, ಡಾಕ್ಟರು ನನ್ನನ್ನು ಕೇಳಿದರು. ಇವಳ ಧ್ವನಿ ಸಣ್ಣದಾದ ಮೇಲೆ ಎಲ್ಲರೂ ನನ್ನನ್ನೇ ಕೇಳುವುದು ಅಭ್ಯಾಸ ಆಗಿಬಿಟ್ಟಿದೆ, ನನಗೂ ಉತ್ತರ ಕೊಡುವುದು ಅಭ್ಯಾಸ ಆಗಿತ್ತು.

ಇವಳನ್ನು ಕೇಳಬೇಕಾದರೆ ಹೊತ್ತು ನೋಡಿ ಕೇಳಬೇಕು. ಬೆಳಿಗ್ಗೆ 7ರ ಮಾತ್ರೆ ಹಿಡಿದ ಮೇಲೆ, ಎಂಟೂವರೆ ಹೊತ್ತಿಗೆ, ಜಗಲಿಯಲ್ಲಿ ಕೂತಿದ್ದಾಗ ಕೇಳಿದೆ. ಮಂಡಿಯ ಅಪಾಯ, ಲಾಭ, ಎರಡೂ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು, ನಾನು ಕಾದೆ. "ಮಂಡಿ ಬೇಡ ರೀ. ನಡೆಯುವುದು ಎಲ್ಲಿಗೆ, ಬಾವಿಕಟ್ಟೆಯವರೆಗೆ ಅಲ್ವಾ. ಕಣ್ಣು ಮಾಡಿಸುವ" ಅಂದಳು.

ಕಣ್ಣಿನ ಡಾಕ್ಟರಿಗೆ ತಲೆ ನಡುಗುವ ವಿಷಯ ಹೇಳಿದ್ದೇವೆ. ಮುಂದಿನ ತಿಂಗಳು, ಮೊದಲ ಕೇಸ್, ಬೆಳಿಗ್ಗೆ 8ಕ್ಕೆ. ಹೊಸ ಪುಸ್ತಕ ತಂದು ರೂಲ್ ಹಾಕಿಟ್ಟಿದ್ದೇನೆ.